ಕೇಂದ್ರ ಸರ್ಕಾರದ ಗುತ್ತಿಗೆ: ಟೆಂಡರು ಹಾಕುವ ಮುನ್ನ

ಅಡಿಕೆ ಫಸಲನ್ನು ಚೇಣಿಗೆ ಕೊಡುವಾಗ ನಾವು ದರವೊಂದನ್ನೇ ನೋಡುವುದಿಲ್ಲ. ಚೇಣಿದಾರ ಮುಂಗಡ ಕೊಡುವನೇ, ಕೊನೆಯ ಕೊಯ್ಲಿನವರೆಗೆ ನಿಲ್ಲುವನೇ ಎಂದೂ ವಿಚಾರಿಸುತ್ತೇವೆ. ಸರ್ಕಾರ ಗುತ್ತಿಗೆ ಕೊಡುವ ಕ್ರಮವೂ ಇದೇ. ನಮ್ಮ ಸದಸ್ಯರ ಮಕ್ಕಳಲ್ಲಿ ಕೆಲವರು ಈಗ ಕಾಮಗಾರಿಗಳಿಗೆ ಕೈಹಾಕುತ್ತಿದ್ದಾರೆ. ತೋಟವನ್ನು ಅಡವಿಟ್ಟು ಸಾಲ ತೆಗೆಯುವ ಮುನ್ನ ಈ ಕೆಳಗಿನ ಸಂಗತಿಗಳನ್ನು ತಿಳಿದಿರುವುದು ಲೇಸು.

1. ಟೆಂಡರು ಗೆಲ್ಲುವ ಬಗೆ

ರೈಲ್ವೆಯ ಟೆಂಡರುಗಳು ಐ.ಆರ್.ಇ.ಪಿ.ಎಸ್. ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಸಾಮಗ್ರಿ ಮತ್ತು ಸೇವೆಗಳ ಖರೀದಿಗೆ 2016ರಲ್ಲಿ ಆರಂಭವಾದ 'ಜೆಮ್' ಇದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಇ.ಎಂ.ಡಿ. ಠೇವಣಿ ಅಂದಾಜು ಮೊತ್ತದ ಶೇಕಡಾ 2ರಿಂದ 5. ಅಂದರೆ 10 ಲಕ್ಷದ ಕೆಲಸಕ್ಕೆ 20ರಿಂದ 50 ಸಾವಿರ ರೂಪಾಯಿ. ಎರಡು ಲಕೋಟೆ ಪದ್ಧತಿ ಇದ್ದಲ್ಲಿ ಮೊದಲು ಅರ್ಹತೆಯ ಲಕೋಟೆ ತೆರೆಯುತ್ತಾರೆ. ಅಲ್ಲಿ ಬಿದ್ದವರ ದರದ ಲಕೋಟೆಯನ್ನು ಬಿಚ್ಚುವುದೇ ಇಲ್ಲ. ಆದ್ದರಿಂದ ದರಕ್ಕಿಂತ ಮೊದಲು ಕಾಗದಪತ್ರ ಸರಿಯಿರಬೇಕು.

2. ಹುಮನಾಬಾದಿನ ಪಾಠ

ಬೀದರ್–ಕಲಬುರಗಿ ರೈಲುಮಾರ್ಗ ಹುಮನಾಬಾದಿನ ಮೂಲಕ ಹೋಗುತ್ತದೆ. ಉದ್ದ ಸುಮಾರು 110 ಕಿಲೋಮೀಟರು. 1990ರ ದಶಕದ ಕೊನೆಯಲ್ಲಿ ಮಂಜೂರಾದ ಈ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಅಷ್ಟರಲ್ಲಿ ವೆಚ್ಚವೂ ಹಲವು ಪಟ್ಟಾಗಿತ್ತು. ಸರ್ಕಾರ ಇಂತಹ ಏರಿಕೆಯನ್ನು ತಾಳಿಕೊಳ್ಳಬಲ್ಲದು. ಸಣ್ಣ ಗುತ್ತಿಗೆದಾರ ತಾಳಲಾರ. ಮೇಲೆ ಹೇಳಿದ ನಿಯಮಗಳಂತೆ ಅವಧಿ 18 ತಿಂಗಳು ಮೀರಿದ ಗುತ್ತಿಗೆಯಲ್ಲಿ ಮಾತ್ರ ದರ ಏರಿಳಿತದ ಷರತ್ತಿಗೆ ಅವಕಾಶ. ಉಳಿದವುಗಳಲ್ಲಿ ಬರೆದುಕೊಟ್ಟ ದರವೇ ಕೊನೆ. ಸಿಮೆಂಟು, ಡೀಸೆಲ್, ಕೂಲಿ ಏರಿದರೆ ನಷ್ಟ ನಮ್ಮದೇ. ಇಲಾಖೆಯಿಂದ ವಿಳಂಬವಾದರೆ ಆಗಿಂದಾಗಲೇ ಲಿಖಿತವಾಗಿ ತಿಳಿಸಿ, ಅವಧಿ ವಿಸ್ತರಣೆ ಕೇಳಿ, ಸ್ವೀಕೃತಿ ಪಡೆದಿಡಬೇಕು. ಬಾಯಿಮಾತಿಗೆ ಬೆಲೆಯಿಲ್ಲ.

3. ಬಿಲ್ಲು ಮತ್ತು ಕಡಿತ

ಮಾಡಿದ ಕೆಲಸ ಅಳತೆ ಪುಸ್ತಕದಲ್ಲಿ ದಾಖಲಾಗದೆ ಬಿಲ್ಲು ಹುಟ್ಟುವುದಿಲ್ಲ. ನೆಲದಡಿ ಮುಚ್ಚಿಹೋಗುವ ಪಾಯದಂತಹ ಕೆಲಸವನ್ನು ಮುಚ್ಚುವ ಮೊದಲೇ ಅಳೆಸಿರಿ. ವ್ಯಕ್ತಿಯ ಹೆಸರಿನಲ್ಲಿರುವ 10 ಲಕ್ಷದ ಕಟ್ಟಡ ಕಾಮಗಾರಿಯ ಬಿಲ್ಲಿನಲ್ಲಿ ಆದಾಯ ತೆರಿಗೆ ಶೇಕಡಾ 1, ಜಿ.ಎಸ್.ಟಿ. ಟಿ.ಡಿ.ಎಸ್. ಶೇಕಡಾ 2, ಕಾರ್ಮಿಕ ಸೆಸ್ಸು ಶೇಕಡಾ 1 ಮುರಿದರೆ ಒಟ್ಟು 40 ಸಾವಿರ ಕೈಗೆ ಬರುವುದಿಲ್ಲ. ಮೊದಲ ಎರಡು ನಮ್ಮ ತೆರಿಗೆ ಲೆಕ್ಕಕ್ಕೆ ಜಮೆಯಾಗುತ್ತವೆ. ಸೆಸ್ಸು ಹೋದದ್ದು ಹೋದಂತೆಯೇ. ಇದಲ್ಲದೆ ಭದ್ರತಾ ಠೇವಣಿಯು ದೋಷ ದುರಸ್ತಿಯ ಅವಧಿ ಮುಗಿಯುವವರೆಗೆ ಇಲಾಖೆಯಲ್ಲೇ ಇರುತ್ತದೆ. ಈ ಹಣದ ಬಡ್ಡಿಯನ್ನೂ ದರದಲ್ಲಿ ಸೇರಿಸಿಕೊಳ್ಳಬೇಕು.

4. ಸಣ್ಣವರಿಗಿರುವ ದಾರಿ

ಕಾಮಗಾರಿಗಿಂತ ಸರಕು ಪೂರೈಕೆ ನಮಗೆ ಹೆಚ್ಚು ಹೊಂದುತ್ತದೆ. 2012ರ ಖರೀದಿ ನೀತಿಯಡಿ, ಈಗಿರುವ ತಿದ್ದುಪಡಿಯಂತೆ, ಕೇಂದ್ರದ ಇಲಾಖೆಗಳು ಶೇಕಡಾ 25ರಷ್ಟು ಖರೀದಿಯನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು. ಸ್ವಂತವಾಗಿ ಕಾಫಿ ಪುಡಿ ತಯಾರಿಸಿ 'ಉದ್ಯಮ್' ನೋಂದಣಿ ಪಡೆದವರಿಗೆ ಇ.ಎಂ.ಡಿ. ವಿನಾಯಿತಿಯೂ ಇದೆ, ಕೊಂಡು ಮಾರುವವರಿಗೆ ಇಲ್ಲ. 2006ರ ಕಾಯಿದೆಯ ಪ್ರಕಾರ ಹಣ 45 ದಿನದೊಳಗೆ ಬರಬೇಕು. ತಡವಾದರೆ ಬ್ಯಾಂಕ್ ದರದ ಮೂರರಷ್ಟು ಬಡ್ಡಿ ಕೇಳುವ ಹಕ್ಕಿದೆ.

ಆರು ತಿಂಗಳು ಬಿಲ್ಲು ಬಾರದಿದ್ದರೂ ತೋಟದ ಗೊಬ್ಬರ, ಔಷಧಿ, ಕೂಲಿಗೆ ಹಣ ಉಳಿಯುವುದೇ ಎಂದು ಲೆಕ್ಕ ಹಾಕಿರಿ. ಉಳಿಯದಿದ್ದರೆ ಆ ಟೆಂಡರು ನಮ್ಮ ಅಳವಿಗೆ ಮೀರಿದ್ದು.