ಕ್ಯಾಪ್ಟನ್ ಟೈಲರ್ ಪೆದ್ದನೋ, ಜಾಣನೋ?

ಪ್ರಶ್ನೆ: ಈಚೆಗೆ ಅನಿಮೆ ಹುಚ್ಚು ಹತ್ತಿದೆ. ಬಾಹ್ಯಾಕಾಶದ ಕಥೆಗಳೆಂದರೆ ಇಷ್ಟ, ಆದರೆ ನಾನು ನೋಡಿದ್ದರಲ್ಲೆಲ್ಲ ನಾಯಕರು ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ. ನಗಿಸುವಂಥದ್ದು ಒಂದಾದರೂ ಇಲ್ಲವೇ? ಅಮೆರಿಕದಲ್ಲಿರುವ ಅಕ್ಕ ರಜೆಗೆ ಊರಿಗೆ ಬರುವಾಗ ‘ದಿ ಇರ್‍ರೆಸ್ಪಾನ್ಸಿಬಲ್ ಕ್ಯಾಪ್ಟನ್ ಟೈಲರ್’ ಎಂಬ ಹಳೆಯ ಸರಣಿಯ ಡಿಸ್ಕ್‌ಗಳನ್ನು ತರಲೇ ಎಂದು ಕೇಳಿದ್ದಾಳೆ. ತರಿಸಿಕೊಳ್ಳಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತರಿಸಿಕೊಳ್ಳಿ. ನಗೆಯ ಬಾಹ್ಯಾಕಾಶ ಕಥೆಗಳಿಗೆ ಜಪಾನಿನಲ್ಲಿ ಬರವಿಲ್ಲ. 1996ರ ‘ಮಾರ್ಷಿಯನ್ ಸಕ್ಸೆಸರ್ ನಡೆಸಿಕೊ’ ಇದೆ; ‘ಕೌಬಾಯ್ ಬೀಬಾಪ್’ ಮಾಡಿದ ಶಿನಿಚಿರೊ ವಟನಾಬೆಯವರೇ ಮುಖ್ಯ ನಿರ್ದೇಶಕರಾಗಿದ್ದ 2014ರ ‘ಸ್ಪೇಸ್ ಡ್ಯಾಂಡಿ’ ಇದೆ. ಡ್ಯಾಂಡಿಯಲ್ಲಿ ಹುಡುಗಾಟ ಹೆಚ್ಚು, ಕಥೆಯ ಎಳೆ ಕಡಿಮೆ. ಒಂದು ಕಂತಿನಲ್ಲಿ ಸತ್ತವರು ಮುಂದಿನದರಲ್ಲಿ ಏನೂ ಆಗದವರಂತೆ ಓಡಾಡಿಕೊಂಡಿರುತ್ತಾರೆ. ಮೊದಲ ಸಲಕ್ಕೆ ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಟೈಲರನಿಗೆ.

ಇದು 1993ರ ಜನವರಿಯಿಂದ ಜುಲೈವರೆಗೆ ಟಿವಿ ಟೋಕಿಯೊದಲ್ಲಿ ಬಂದ 26 ಕಂತುಗಳ ಸರಣಿ. ಹಿತೋಶಿ ಯೋಶಿಯೋಕಾ ಅವರ ಕಾದಂಬರಿಗಳು ಆಧಾರ, ನಿರ್ದೇಶನ ಕೋಯಿಚಿ ಮಶಿಮೊ ಅವರದು. ಜಸ್ಟಿ ಉಏಕಿ ಟೈಲರ್ ಎಂಬ ಇಪ್ಪತ್ತರ ಹುಡುಗನಿಗೆ ಸೇನೆ ಸೇರುವ ಆಸೆ. ದೇಶಭಕ್ತಿಯಿಂದಲ್ಲ, ಕೆಲಸ ಆರಾಮ, ಕೊನೆಗೆ ಪಿಂಚಣಿ ಬರುತ್ತದೆ ಎಂದು. ಮಗನಿಗೆ ಸರ್ಕಾರಿ ನೌಕರಿ ಸಿಗಲೆಂದು ನಮ್ಮ ಅಪ್ಪಂದಿರು ಹಾರೈಸುವುದೂ ಇದೇ ಕಾರಣಕ್ಕಲ್ಲವೇ! ಭರ್ತಿಯ ಪರೀಕ್ಷೆ ನಡೆಸುವುದು ಹೆಣ್ಣಿನ ರೂಪ ತಳೆದ ಒಂದು ಕಂಪ್ಯೂಟರ್. ಟೈಲರ್ ಅದರ ಜತೆಗೇ ಸರಸಕ್ಕಿಳಿಯುತ್ತಾನೆ. ಪಾಪ, ಅದರ ತಲೆ ಕೆಟ್ಟು ಯಂತ್ರವೇ ಕೈಕೊಡುತ್ತದೆ. ಅವನಿಗೆ ಸಿಗುವುದು ಅವನು ಬಯಸಿದ್ದೇ: ಪಿಂಚಣಿ ವಿಭಾಗದ ಮೇಜು. ಅಲ್ಲಿಂದ ನಿವೃತ್ತ ಅಡ್ಮಿರಲ್ ಒಬ್ಬರ ಮನೆಗೆ ಹೋದರೆ, ಅವರನ್ನು ಯಾರೋ ಒತ್ತೆಯಾಳಾಗಿ ಹಿಡಿದಿಟ್ಟಿರುತ್ತಾರೆ. ಟೈಲರ್ ಹಲ್ಲು ಕಿರಿಯುತ್ತಲೇ ಅದನ್ನು ಬಗೆಹರಿಸಿಬಿಡುತ್ತಾನೆ. ಮೇಲಿನವರು ಅವನನ್ನು ‘ಸೊಯೊಕಾಝೆ’ ಎಂಬ ಗುಜರಿ ನೌಕೆಗೆ ಕ್ಯಾಪ್ಟನ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಬೇರೆಲ್ಲೂ ಸಲ್ಲದ ಜಗಳಗಂಟರನ್ನು ಸೇನೆ ತಂದು ಸುರಿಯುವ ನೌಕೆ ಅದು.

ಅತ್ತ ಶತ್ರುಪಕ್ಷದ ರಾಲ್ಗಾನ್ ಸಾಮ್ರಾಜ್ಯದಲ್ಲಿ ಚಕ್ರವರ್ತಿಯ ಕೊಲೆಯಾಗಿದೆ, ಹದಿನಾರರ ಮಗಳು ಅಝಲಿನ್ ಪಟ್ಟಕ್ಕೇರಿದ್ದಾಳೆ. ಯುದ್ಧ ಶುರುವಾಗಿದೆ.

ಇಲ್ಲಿ ನಗು ಹುಟ್ಟುವ ಬಗೆ ಗಮನಿಸಿ. ಟೈಲರ್ ಸ್ವತಃ ಜೋಕು ಹೊಡೆಯುವುದು ಕಡಿಮೆ. ಅವನು ಆಕಳಿಸುತ್ತಾನೆ, ಕ್ಯಾಪ್ಟನ್ನನ ಕುರ್ಚಿಯಲ್ಲಿ ಕಾಲು ಚಾಚುತ್ತಾನೆ, ಸಿಬ್ಬಂದಿಗೆ ‘ನಿಮಗೆ ತೋಚಿದ್ದು ಮಾಡಿ’ ಎನ್ನುತ್ತಾನೆ. ಒದ್ದಾಟವೆಲ್ಲ ಅವನ ಸುತ್ತಲಿನವರದು. ಶಿಸ್ತಿನ ಸಿಪಾಯಿ ಯಮಾಮೊಟೊಗೆ ರಕ್ತದೊತ್ತಡ ಏರುತ್ತದೆ. ನಿಯಮ ಬಿಟ್ಟು ಕದಲದ ಯೂರಿಕೊ ಸ್ಟಾರ್ ಹಲ್ಲು ಕಡಿಯುತ್ತಾಳೆ. ಎಲ್ಲರಿಗಿಂತ ಹೆಚ್ಚು ಮಜಾ ಕೊಡುವವನು ಶತ್ರುಪಡೆಯ ನಾಯಕ ಡೋಮ್. ಬುದ್ಧಿವಂತ, ಗಂಭೀರ. ಟೈಲರ್ ಸುಮ್ಮನೆ ಕೂತಿದ್ದರೂ ಅದರ ಹಿಂದೆ ಎಂಥ ಆಳದ ವ್ಯೂಹವಿದೆಯೋ ಎಂದು ಲೆಕ್ಕ ಹಾಕಿ, ತನ್ನ ಲೆಕ್ಕಕ್ಕೆ ತಾನೇ ಸಿಕ್ಕಿಬೀಳುತ್ತಾನೆ. ಟೈಲರ್ ಹುಟ್ಟಾ ಅದೃಷ್ಟವಂತ ಪೆದ್ದನೋ, ಪೆದ್ದನ ವೇಷ ತೊಟ್ಟ ಮಹಾಜಾಣನೋ ಎಂಬ ಗುಟ್ಟನ್ನು ಸರಣಿ ಬಿಟ್ಟುಕೊಡುವುದಿಲ್ಲ. ಒಂದು ಕಂತಿನಲ್ಲಿ ನೀವು ಒಂದು ತೀರ್ಮಾನಕ್ಕೆ ಬಂದಿರೋ, ಮುಂದಿನದು ಅದನ್ನು ತಲೆಕೆಳಗು ಮಾಡುತ್ತದೆ. ಅಲ್ಲೊಂದು ಇಲ್ಲೊಂದು ತುಣುಕು ನೋಡಿದರೆ ಈ ಸುಖ ದಕ್ಕದು. ಕಂತಿನ ಮೇಲೆ ಕಂತು, ಸಾಲಾಗಿ ನೋಡಬೇಕು. ಡಿಸ್ಕ್ ಕೊಳ್ಳಿ ಎನ್ನುವುದು ಅದಕ್ಕೇ.

ಈ ಸೋಮಾರಿಗೂ ಒಂದು ವಂಶಾವಳಿಯಿದೆ. 1962ರಲ್ಲಿ ತೋಹೊ ಕಂಪನಿ ‘ನಿಪ್ಪೊನ್ ಮುಸೆಕಿನಿನ್ ಜಿದಾಯ್’ ಎಂಬ ಹಾಸ್ಯಚಿತ್ರ ತೆಗೆಯಿತು. ‘ಕ್ರೇಜಿ ಕ್ಯಾಟ್ಸ್’ ತಂಡದ ಹಾಡುಗಾರ ಹಾಗೂ ಹಾಸ್ಯನಟ ಹಿತೋಶಿ ಉಏಕಿ ಅದರಲ್ಲಿ ತೈರಾ ಎಂಬ ಬೇಜವಾಬ್ದಾರಿ ನೌಕರ. ಇಡೀ ಜಪಾನ್ ಕಂಪನಿಗಾಗಿ ಹಗಲುರಾತ್ರಿ ದುಡಿಯುತ್ತಿದ್ದ ಕಾಲದಲ್ಲಿ ಆತ ನಗುನಗುತ್ತ, ಬಾಯಿಮಾತಿನಿಂದಲೇ ಮೇಲೇರುತ್ತಾನೆ. ನಮ್ಮ ಟೈಲರನ ಹೆಸರಿನಲ್ಲಿ ಆ ನಟನೂ ಇದ್ದಾನೆ, ಆ ಪಾತ್ರವೂ ಇದೆ. ಸರಣಿ ತೆರೆಗೆ ಬಂದ 1993ರ ಹೊತ್ತಿಗೆ ಜಪಾನಿನ ಆರ್ಥಿಕ ಗುಳ್ಳೆ ಒಡೆದು ಹೋಗಿತ್ತು. ಕಷ್ಟಪಟ್ಟು ದುಡಿದರೆ ಕಂಪನಿ ಕೊನೆತನಕ ಸಾಕುತ್ತದೆ ಎಂಬ ನಂಬಿಕೆಯೂ ಅಲುಗಾಡತೊಡಗಿತ್ತು. ಆಗ ‘ಮೇಲಿನವರ ಆಜ್ಞೆ ಪಾಲಿಸಿ ಯಾಕೆ ಸಾಯಬೇಕು?’ ಎಂದು ಸೇನಾಪತಿಗಳ ಮುಖಕ್ಕೇ ನಗುವವನೊಬ್ಬ ಪರದೆಯ ಮೇಲೆ ಬಂದದ್ದು ನನಗೇನೋ ಬರೀ ತಮಾಷೆಯಾಗಿ ಕಾಣುವುದಿಲ್ಲ. ಮಿಫುನೆ, ಫುಜಿ ಎಂಬ ಇಬ್ಬರು ಅಡ್ಮಿರಲ್‌ಗಳು ಅವನನ್ನು ಮುಗಿಸಲು ಹೂಡುವ ಸಂಚುಗಳಲ್ಲಿ ಕಚೇರಿ ರಾಜಕಾರಣದ ವಾಸನೆ ಚೆನ್ನಾಗಿಯೇ ಹೊಡೆಯುತ್ತದೆ.

ಕುಂದುಗಳಿಲ್ಲವೆಂದಲ್ಲ. ನಡುವೆ ಕೆಲವು ಕಂತುಗಳು ಎಳೆದಾಡುತ್ತವೆ. ಹೆಂಗಸರನ್ನು ಕುರಿತ ಕೆಲವು ಚೇಷ್ಟೆಗಳು ಇವತ್ತಿಗೆ ಮುಜುಗರ ತರುತ್ತವೆ. ಮನೆಯಲ್ಲಿ ಚಿಕ್ಕಮಕ್ಕಳಿದ್ದರೆ ಮೊದಲು ನೀವೊಮ್ಮೆ ನೋಡಿಕೊಳ್ಳಿ.

ಟಿವಿ ಸರಣಿ ಮುಗಿದ ಮೇಲೆ, 1994ರಿಂದ, ಟೈಲರನ ಹೊಸ ಕಥೆಗಳು ‘ಓವಿಎ’ಗಳಾಗಿ ಬಂದವು. ಟಿವಿಯ ಹಂಗಿಲ್ಲದೆ, ನೇರವಾಗಿ ಕ್ಯಾಸೆಟ್ಟಿಗೂ ಡಿಸ್ಕಿಗೂ ಎಂದೇ ಮಾಡುವ ಅನಿಮೆಗೆ ಅಲ್ಲಿ ಆ ಹೆಸರು. 1983ರ ‘ಡಾಲೊಸ್’ ಇಂಥವುಗಳಲ್ಲಿ ಮೊದಲನೆಯದು. ಟೈಲರನ ಓವಿಎಗಳಲ್ಲಿ ನಗೆಯ ಪಾಲು ತಗ್ಗುತ್ತದೆ, ಉಳಿದ ಸಿಬ್ಬಂದಿಯ ಕಥೆಗಳು ಮುಂದೆ ಬರುತ್ತವೆ. ಟಿವಿ ಸರಣಿ ಮುಗಿಸಿ, ಆ ಮಂದಿಯ ಮೇಲೆ ಪ್ರೀತಿ ಹುಟ್ಟಿದ ಮೇಲಷ್ಟೇ ಅವುಗಳಿಗೆ ಕೈಹಾಕಿ. ಅಕ್ಕ ಕೊಳ್ಳುವ ಪೆಟ್ಟಿಗೆಯಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಹಿಂಬದಿ ಓದಿ ನೋಡಲಿ.

ಇನ್ನು ಡಿಸ್ಕಿನ ವಿಚಾರ. ಡಿವಿಡಿಗಳಿಗೆ ‘ರೀಜನ್’ ಎಂಬ ಬೇಲಿಯಿದೆ: ಅಮೆರಿಕ 1, ಜಪಾನ್ 2, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ, ಜಪಾನ್ ಎರಡೂ ‘ಎ’ ಗುಂಪು, ನಾವು ‘ಸಿ’. ಪೆಟ್ಟಿಗೆಯ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಚಿತ್ರದೊಳಗೆ 1 ಎಂದಿದ್ದರೆ, ಇಲ್ಲಿ ಕೊಂಡ ಮಾಮೂಲಿ ಪ್ಲೇಯರ್ ಅದನ್ನು ಓದಲು ಒಪ್ಪದಿರಬಹುದು. ಎಲ್ಲ ರೀಜನ್ ಓದುವ ಪ್ಲೇಯರ್ ಇದ್ದರೆ ಚಿಂತೆಯಿಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಸಾಮಾನ್ಯವಾಗಿ ಐದೇ ಸಲ ಅವಕಾಶ. ಐದನೆಯ ಸಲ ಹಾಕಿದ್ದೇ ಕಾಯಂ. ಹಳೆಯ ಡ್ರೈವ್ ಒಂದಿದ್ದರೆ ಅದನ್ನು 1ಕ್ಕೆ ಹಾಕಿ, ಇಂಥವಕ್ಕೆಂದೇ ಮೀಸಲಿಡುವುದು ಮೇಲು.

ಅಮೆರಿಕದಲ್ಲಿ ಈ ಸರಣಿಯನ್ನು ಹೊರತಂದದ್ದು ಅಯೋವಾ ರಾಜ್ಯದ ‘ರೈಟ್ ಸ್ಟಫ್’. ಆ ಸಂಸ್ಥೆಯನ್ನು 2022ರಲ್ಲಿ ಕ್ರಂಚಿರೋಲ್ ಕೊಂಡಿತು, ಮರುವರ್ಷ ಅದರ ಆನ್‌ಲೈನ್ ಅಂಗಡಿಯೂ ಮುಚ್ಚಿತು. ಹಾಗಾಗಿ ಅಕ್ಕನಿಗೆ ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ ಸಿಗುವ ಸಂಭವವೂ ಉಂಟು. ಸೂಟ್‌ಕೇಸಿಗೆ ಹಾಕುವ ಮುಂಚೆ ಅಲ್ಲೇ ಒಂದೊಂದು ಡಿಸ್ಕನ್ನೂ ಐದೈದು ನಿಮಿಷ ಓಡಿಸಿ ನೋಡಲು ಹೇಳಿ. ಇಲ್ಲಿಗೆ ಬಂದ ಮೇಲೆ ಗೀರು ಕಂಡರೆ ವಾಪಸು ಕಳಿಸುವ ಖರ್ಚು ಡಿಸ್ಕಿನ ಬೆಲೆ ಮೀರುತ್ತದೆ.

ನೋಡುವಾಗ ಟಿವಿಯ ಚಿತ್ರದಳತೆಯನ್ನು 4:3ಕ್ಕೆ ಇಡಿ. ಆ ಕಾಲದ ಚೌಕಟ್ಟು ಅದು. ಪರದೆ ತುಂಬಲೆಂದು ಹಿಗ್ಗಿಸಿದರೆ ಎಲ್ಲರಿಗೂ ಕೆನ್ನೆ ಊದಿಕೊಳ್ಳುತ್ತದೆ. ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಕ್ರಿಸ್ಪಿನ್ ಫ್ರೀಮನ್ ಟೈಲರನಿಗೆ ದನಿ ಕೊಟ್ಟಿದ್ದಾರೆ, ಚೆನ್ನಾಗಿಯೇ ಇದೆ. ಆದರೂ ಮೊದಲ ಕಂತನ್ನು ಜಪಾನಿ ದನಿಯಲ್ಲಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಕೋಜಿ ತ್ಸುಜಿತಾನಿ ಅವರ ದನಿಯಲ್ಲಿ ಈಗಷ್ಟೇ ನಿದ್ದೆಯಿಂದೆದ್ದವನ ಒಂದು ಸಡಿಲಿಕೆಯಿದೆ, ಯಮಾಮೊಟೊ ಯಾಕೆ ಅಷ್ಟು ಉರಿದುಬೀಳುತ್ತಾನೆಂದು ಅದನ್ನು ಕೇಳಿದರೇ ತಿಳಿಯುವುದು.