ಆಟೋಪೇ ಒಮ್ಮೆ ತೆರೆದು ನೋಡಿ

ಕೊಂಡಜ್ಜಿಯಂಥ ಸಣ್ಣ ಊರಲ್ಲೂ ಈಗ ತಿಂಗಳ ಚಂದಾಗಳು ಹಾಲಿನ ಲೆಕ್ಕಕ್ಕಿಂತ ಉದ್ದ: ಡಿಶ್, ಮೊಬೈಲ್, ಕ್ರಿಕೆಟ್ ಆ್ಯಪ್, ಹಾಡಿನ ಆ್ಯಪ್. ಫೋನ್‌ಪೇ, ಗೂಗಲ್ ಪೇಯಲ್ಲಿ ತಾನಾಗಿ ಹಣ ಕಡಿತವಾಗುವ ಆಟೋಪೇ ಪಟ್ಟಿ ತೆರೆದು, ಬೇಡದ್ದನ್ನು ಅಲ್ಲೇ ರದ್ದು ಮಾಡಿ. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ, ಹಣ ಹೋಗುತ್ತಲೇ ಇರುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಕಡಿತಕ್ಕೆ 24 ಗಂಟೆ ಮೊದಲೇ ಸಂದೇಶ ಬರಬೇಕು. ಜಾಹೀರಾತೆಂದು ಅದನ್ನು ಓದದೆ ಬಿಡಬೇಡಿ.

ಡಿಡಿ ಫ್ರೀ ಡಿಶ್‌ಗೆ ಒಮ್ಮೆ ಪೆಟ್ಟಿಗೆ, ಆಂಟೆನಾದ ಖರ್ಚಷ್ಟೇ. ತಿಂಗಳ ಶುಲ್ಕವಿಲ್ಲ, ಚಂದನ ಬರುತ್ತದೆ. ಧಾರಾವಾಹಿ ಬಿಡದ ಅತ್ತೆಯವರಿದ್ದರೆ ಈ ಮಾತು ಎತ್ತದಿರುವುದೇ ಲೇಸು! ಈಗಿರುವ ಡಿಶ್‌ನಲ್ಲೇ ಅವರಿಗೆ ಬೇಕಾದ ವಾಹಿನಿಗಳನ್ನಷ್ಟೇ ಬಿಡಿಬಿಡಿಯಾಗಿ ಆರಿಸಿ. 2019ರಿಂದ ಆ ಹಕ್ಕು ನಮಗಿದೆ.

ದಿನಪತ್ರಿಕೆ ನಿಲ್ಲಿಸಿ ಎಂದು ಮಾತ್ರ ಹೇಳಲಾರೆ. ನಿಮ್ಮದೊಂದು, ಪಕ್ಕದ ಮನೆಯವರದು ಇನ್ನೊಂದು ತರಿಸಿ, ಮಧ್ಯಾಹ್ನ ಅದಲುಬದಲು ಮಾಡಿಕೊಳ್ಳಿ.