ಯುಗಾದಿ ಚಲಿಸುವುದೇಕೆ, ವಿಷು ನಿಲ್ಲುವುದೇಕೆ?

ಪಾಠದ ಉದ್ದೇಶ

ಚಾಂದ್ರಮಾನ, ಸೌರಮಾನಗಳ ವ್ಯತ್ಯಾಸವನ್ನು ಲೆಕ್ಕದ ಮೂಲಕ ಅರಿಯುವುದು. ಮನೆಯ ಪಂಚಾಂಗವೂ ಊರಿನ ಕ್ಯಾಲೆಂಡರೂ ಹೊಸ ವರ್ಷಕ್ಕೆ ಬೇರೆ ಬೇರೆ ದಿನ ಹೇಳಿದಾಗ, ಎರಡರಲ್ಲೊಂದು ತಪ್ಪಿರಬೇಕೆಂಬ ಭಾವನೆಯನ್ನು ನಿವಾರಿಸುವುದು.

ಹಿನ್ನೆಲೆ

ಸೊಲ್ಲಾಪುರ, ಅಕ್ಕಲಕೋಟೆಗಳ ವಿದ್ಯಾರ್ಥಿಗೆ ಈ ತೊಡಕು ಎದುರಾಗದು. ಮರಾಠಿಗರ ಗುಡಿಪಾಡ್ವಾ, ಕನ್ನಡಿಗರ ಯುಗಾದಿ ಎರಡೂ ಒಂದೇ ದಿನ. ಆದವಾನಿ, ರಾಯದುರ್ಗಗಳಲ್ಲಿ ತೆಲುಗರ ಉಗಾದಿಯೂ ಅದೇ ದಿನ. ಆದರೆ ಕಾಸರಗೋಡಿನಲ್ಲಿ ವಿಷು ಅಥವಾ ಬಿಸು, ಹೊಸೂರು ಮತ್ತು ತಾಳವಾಡಿಗಳಲ್ಲಿ ತಮಿಳು ಹೊಸ ವರ್ಷ, ಏಪ್ರಿಲ್ 14 ಅಥವಾ 15ಕ್ಕೇ ಬರುತ್ತವೆ. ಯುಗಾದಿ ಮಾತ್ರ ಒಮ್ಮೆ ಮಾರ್ಚ್‌ನಲ್ಲಿ, ಒಮ್ಮೆ ಏಪ್ರಿಲ್‌ನಲ್ಲಿ. “ನಮ್ಮ ಹಬ್ಬಕ್ಕೇಕೆ ಗೊತ್ತಾದ ದಿನವಿಲ್ಲ?” ಎಂದು ಮಗು ಕೇಳಿದರೆ ಅದನ್ನು ಪಾಠದ ಆರಂಭವೆಂದೇ ಭಾವಿಸಬೇಕು.

ವಿವರಣೆ

ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವುದರಿಂದ ವಿಷುವಿನ ದಿನ ನಿರ್ಣಯವಾಗುತ್ತದೆ. ಅಂದು ರಾತ್ರಿ ಚಂದ್ರನು ಯಾವ ಕಳೆಯಲ್ಲಾದರೂ ಇರಬಹುದು. ಯುಗಾದಿಯಾದರೋ ಚೈತ್ರ ಶುದ್ಧ ಪಾಡ್ಯ. ಅಮಾವಾಸ್ಯೆ ಕಳೆದೊಡನೆ ಬರುವ ತಿಥಿ.

ಒಂದು ಅಮಾವಾಸ್ಯೆಯಿಂದ ಮತ್ತೊಂದಕ್ಕೆ ಸರಾಸರಿ 29.53 ದಿನ. ಇಂತಹ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೌರವರ್ಷಕ್ಕೆ ಸುಮಾರು 365 ದಿನ. ಈ 11 ದಿನಗಳ ಅಂತರದಿಂದ ಯುಗಾದಿ ಹಿಂದೆ ಸರಿಯುತ್ತದೆ: 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಹೀಗೆಯೇ ಸರಿಯುತ್ತ ಹೋದರೆ ಚೈತ್ರವು ಚಳಿಗಾಲಕ್ಕೆ ಜಾರುತ್ತಿತ್ತು. ಸೂರ್ಯಸಂಕ್ರಮಣವೇ ಇಲ್ಲದ ಚಾಂದ್ರಮಾಸವನ್ನು ಅಧಿಕಮಾಸವೆಂದು ಎಣಿಸುವುದರಿಂದ ಆ ಜಾರುವಿಕೆ ತಡೆಯಲ್ಪಡುತ್ತದೆ. 2023ರ ಯುಗಾದಿ ಮಾರ್ಚ್ 22ರಂದು ಇತ್ತು. ಆ ವರ್ಷ ಅಧಿಕ ಶ್ರಾವಣ ಬಂದುದರಿಂದ ಮುಂದಿನ ಯುಗಾದಿ ಏಪ್ರಿಲ್‌ಗೆ ಸರಿಯಿತು.

ಹಿಜರಿ ಕಾಲಗಣನೆಯೂ ಚಾಂದ್ರವೇ, ಅದರಲ್ಲಿ ಅಧಿಕಮಾಸವಿಲ್ಲ. ಆದ್ದರಿಂದ ರಂಜಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. 2023ರಲ್ಲಿ ಯುಗಾದಿಯಾದ ಒಂದು ತಿಂಗಳಿಗೆ, ಏಪ್ರಿಲ್ 22ರಂದು ಈದುಲ್ ಫಿತ್ರ್ ಬಂದಿತು. ನಡುವೆ ಅಧಿಕಮಾಸ ಸೇರಿ ಯುಗಾದಿ ಮುಂದೆ ಸರಿದುದರಿಂದ, 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೂ ಈದ್ ಮಾರ್ಚ್ 31ಕ್ಕೂ ಬಂದವು. ಯುಗಾದಿಯ ಚಂದ್ರದರ್ಶನಕ್ಕೂ ಈದಿನ ಚಂದ್ರದರ್ಶನಕ್ಕೂ ಆಗ ಒಂದೇ ಎಳೆಯ ಚಂದ್ರ.

ಚಟುವಟಿಕೆ

1. ಒಂದು ದಿನಕ್ಕೆ ಒಂದು ಮಿಲಿಮೀಟರ್‌ನಂತೆ 354 ಮಿ.ಮೀ. ಉದ್ದದ ಮೂರು, 365 ಮಿ.ಮೀ. ಉದ್ದದ ಮೂರು ಕಾಗದದ ಪಟ್ಟಿಗಳನ್ನು ಗುಂಪಿಗೊಂದರಂತೆ ಮಕ್ಕಳಿಂದಲೇ ಕತ್ತರಿಸಿಸಬೇಕು.

2. ಅವುಗಳನ್ನು ಎರಡು ಸಾಲಾಗಿ ಜೋಡಿಸಿದಾಗ ಕೊನೆಯಲ್ಲಿ 33 ಮಿ.ಮೀ. ಅಂತರ ಕಾಣುತ್ತದೆ. ಚಿಕ್ಕ ಸಾಲಿಗೆ 30 ಮಿ.ಮೀ. ಉದ್ದದ ಬಣ್ಣದ ತುಂಡನ್ನು ಸೇರಿಸಲಿ, ಅದೇ ಅಧಿಕಮಾಸ.

3. ಉಳಿದ 3 ಮಿ.ಮೀ. ಏನಾಯಿತು? ಆ ಶೇಷ ಕೂಡುತ್ತ ಬರುವುದರಿಂದ ಅಧಿಕಮಾಸಕ್ಕೆ ಕೆಲವೊಮ್ಮೆ ಮೂರು ವರ್ಷ ಕಾಯಬೇಕಾಗದು. 19 ವರ್ಷಗಳ ಅಂತರ 19 × 11 = 209 ದಿನ; ಏಳು ಅಧಿಕಮಾಸಗಳಿಗೆ 7 × 30 = 210 ದಿನ. ಈ ಹತ್ತೊಂಬತ್ತು ವರ್ಷಗಳ ಚಕ್ರವನ್ನು ಬ್ಯಾಬಿಲೋನಿನವರೂ ಬಳಸಿದರು. ಯೆಹೂದ್ಯರ ಪಂಚಾಂಗದಲ್ಲಿ ಇಂದಿಗೂ ಅದು ನಡೆಯುತ್ತಿದೆ.

ಮೌಲ್ಯಮಾಪನ

ಅ) ಯುಗಾದಿಯ ಹಿಂದಿನ ರಾತ್ರಿ ಹುಣ್ಣಿಮೆಯ ಚಂದ್ರ ಕಾಣಬಲ್ಲನೇ? ಕಾರಣ ಕೊಡಿ.
ಆ) ರಂಜಾನ್ ಎಲ್ಲ ಋತುಗಳಲ್ಲಿಯೂ ಬರುತ್ತದೆ, ಯುಗಾದಿ ಬರುವುದಿಲ್ಲ. ಏಕೆ?
ಇ) ವಿಷುವಿನ ದಿನ ಹೆಚ್ಚು ಬದಲಾಗದಿರಲು ಕಾರಣವೇನು?

ಶಿಕ್ಷಕರಿಗೆ ಸೂಚನೆ

ಉತ್ತರಗಳನ್ನು ತಿದ್ದುವಾಗ ಯಾವ ಹಬ್ಬವೂ ‘ಸರಿಯಾದ ಹೊಸ ವರ್ಷ’ವೆಂಬ ಮಾತು ಬಾರದಂತೆ ಎಚ್ಚರ ವಹಿಸಬೇಕು. ಒಬ್ಬರು ಸೂರ್ಯನನ್ನು ನೋಡಿ ಎಣಿಸಿದರು, ಒಬ್ಬರು ಚಂದ್ರನನ್ನು, ಮತ್ತೊಬ್ಬರು ಇಬ್ಬರನ್ನೂ ಹೊಂದಿಸಿದರು. ತನ್ನ ಮನೆಯ ಲೆಕ್ಕವನ್ನು ವಿವರಿಸಬಲ್ಲ ಮಗು ನೆರೆಮನೆಯ ಲೆಕ್ಕವನ್ನೂ ಗೌರವದಿಂದ ಕೇಳುತ್ತದೆ.